ಫೋಟೊದ ಅಂಚಿನ ಎರಡನೆಯ ಬಾಲ

ಪ್ರೀತಿಯ ತಮ್ಮನಿಗೆ,
(ದಿನಾಂಕ ೧೧, ಬುಧವಾರ)

‘ಪ್ರೀತಿಯ’ ಎಂದು ಕೈ ತಾನಾಗಿಯೇ ಬರೆಯಿತು, ತಲೆಗೇರಿಸಿಕೊಳ್ಳಬೇಡ.

ಕ್ಯಾಲೆಂಡರಿಗೆ ಆಯ್ಕೆಯಾಯಿತೆಂದು ಬೀಗಿ ನೀನು ಕಳಿಸಿದ ಫೋಟೊ ತಲುಪಿತು. ನಮ್ಮ ಪ್ರಾಣಿ ಸಂಗ್ರಹಾಲಯದ ಗೋಸುಂಬೆ ಹಳದಿ, ನೀಲಿ ಪಟ್ಟೆಗಳಲ್ಲಿ ಮಿಂಚುತ್ತಿದೆ. ಕೆಳಗೆ ‘ಹೂವಿನ ನಡುವೆ ಆನಂದ’ ಎಂದು ಬರೆಸಿದ್ದೀಯ. ಆನಂದವಂತೆ! ಹದಿನೆಂಟು ವರ್ಷದಿಂದ ಆ ಗಾಜಿನ ಗೂಡುಗಳನ್ನು ತೊಳೆಯುತ್ತಿರುವ ನನಗೆ ಅದರ ಬಣ್ಣ ಓದಲು ಬರುತ್ತದೆ. ಅದು ರೇಗಿದಾಗಿನ ಬಣ್ಣ, ಇನ್ನೊಂದು ಗಂಡು ಎದುರು ಬಂದಾಗಿನದು. ಫೋಟೊದ ಅಂಚಿನಲ್ಲಿ ಎರಡನೆಯ ಬಾಲದ ತುದಿ ಕಾಣುತ್ತಿದೆಯಲ್ಲ, ಜಾಣ? ನಾನು ಕೊಟ್ಟದ್ದು ಒಂದೇ ಗೋಸುಂಬೆ. ಕೆಂಪು ಬಟ್ಟೆ, ಹಸಿರು ಬಟ್ಟೆ ಹಾಸಿದರೂ ಅದು ಬಣ್ಣ ಬದಲಿಸದಿದ್ದಾಗ ನೀನು ಎದುರಿಗೆ ಕನ್ನಡಿ ಇಟ್ಟೆ. ಬಿಸಿ ದೀಪಗಳ ಕೆಳಗೆ ಇಡೀ ದಿನ ಅದು ತನ್ನೊಂದಿಗೇ ಕಾದಾಡುವಂತೆ ಮಾಡಿದೆ.

‘ಬರೀ ಅರ್ಧ ದಿನ ಅಕ್ಕಾ, ಹೂವಿನ ಥರ ನೋಡ್ಕೋತೀನಿ’ ಎಂದು ಹಲ್ಲು ಗಿಂಜಿದ್ದೆ. ಯಾರನ್ನೂ ಕೇಳದೆ ಅದನ್ನು ಊಟದ ಡಬ್ಬಿಯಲ್ಲಿಟ್ಟು ತಂದುಕೊಟ್ಟವಳು ನಾನೇ, ಬುದ್ಧಿಗೇಡಿ. ಮರಳಿ ಬಂದದ್ದು ಮಸಿಬಣ್ಣದ ಪ್ರಾಣಿ. ಕಣ್ಣು ಗುಳಿ ಬಿದ್ದಿತ್ತು, ಕೊಂಬೆ ಹಿಡಿಯುವ ಶಕ್ತಿಯಿರಲಿಲ್ಲ. ಮಧ್ಯಾಹ್ನದ ಪಾಳಿಯವಳು ಎಲೆಗಳ ಮೇಲೆ ಎಷ್ಟು ನೀರು ಚಿಮುಕಿಸಿದರೂ ಒಂದು ಹನಿ ನೆಕ್ಕಲಿಲ್ಲ. ಸೋಮವಾರ ಸತ್ತಿತು.

ನಾಳೆ ವಿಚಾರಣೆ ಎಂದು ಫೋನಿನಲ್ಲಿ ಹೇಳಿದರೆ, ‘ಮೊದ್ಲೇ ಹುಷಾರಿರಲಿಲ್ಲ ಅಂತ ಹೇಳ್ಬಿಡು, ಮುಗೀತು’ ಎಂದೆ ನೀನು. ನಿನ್ನ ಬಾಯಿಗೆ ಬಾಯಿ ಕೊಡಲಾಗದು, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನನ್ನು ಗೋಸುಂಬೆ ಎಂದು ಬೈಯಲು ಹೊರಟು, ಅದಕ್ಕೇ ಅವಮಾನವೆಂದು ಬಿಟ್ಟೆ. ನಿನ್ನಷ್ಟು ಕೀಳಾಗಿ ಬದುಕುವ ಗತಿ ನನಗಿನ್ನೂ ಬಂದಿಲ್ಲ. ಕೆಲಸ ಹೋದರೂ ಸರಿ, ಡಬ್ಬಿಯಿಂದ ಕನ್ನಡಿಯವರೆಗೆ ಎಲ್ಲ ಹೇಳಿಬಿಡುತ್ತೇನೆ. ಆಮೇಲೆ ಆ ಕ್ಯಾಲೆಂಡರು ಹೇಗೆ ಅಚ್ಚಾಗುತ್ತದೋ ನೋಡೋಣ.

ನಿನಗಿಂತ ಮೊದಲು ಹುಟ್ಟಿದ ತಪ್ಪಿಗೆ,
ನಿನ್ನ ಅಕ್ಕ

ತಾ.ಕ.: ಇವತ್ತು ಗುರುವಾರ, ಪತ್ರ ಇನ್ನೂ ಅಂಚೆಗೆ ಹಾಕಿರಲಿಲ್ಲ. ವಿಚಾರಣೆ ಮುಗಿಯಿತು. ಅದಕ್ಕೆ ಮೊದಲೇ ಹುಷಾರಿರಲಿಲ್ಲ ಎಂದೆ ನಾನು. ಹಾಗಾದರೆ ಯಾರೂ ಯಾಕೆ ಗಮನಿಸಲಿಲ್ಲ ಎಂದು ಮೇಲ್ವಿಚಾರಕರು ಕೇಳಿದರು. ಮಧ್ಯಾಹ್ನ ನೀರು ಚಿಮುಕಿಸುವುದು ನನ್ನ ಕೆಲಸವಲ್ಲ ಎಂದೆ. ಆ ಪಾಳಿಯವಳಿಗೆ ನಾಳೆಯಿಂದ ಬರಬೇಡ ಎಂದರು. ಅವಳು ಹೊರಗೆ ಬಂದು ನನ್ನ ಕೈ ಹಿಡಿದುಕೊಂಡಳು, ‘ನಾನು ದಿನಾ ನೀರು ಹಾಕ್ತಿದ್ದೆ ಅಲ್ವಾ, ನೀವೇ ನೋಡಿದೀರಲ್ಲಾ?’ ಎಂದಳು. ಬಸ್ಸಿಗೆ ಹೊತ್ತಾಯಿತು ಎಂದೆ.