ಬೆಂಚಿನ ಮೇಲೆ ಮೂರು ದಿನ

೧೪ ಫೆಬ್ರವರಿ ೧೯೮೩, ಸೋಮವಾರ
ಶ್ರೀನಿವಾಸಪುರ

ನಾನು ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ಎಂಟನೆಯ ತರಗತಿಗೇ ಶಾಲೆ ಬಿಟ್ಟವನು. ಎರಡು ವರ್ಷ ಮುಚ್ಚಿಟ್ಟದ್ದನ್ನು ಇವತ್ತು ಎಲ್ಲರೆದುರು ಹೇಳಿಬಿಟ್ಟೆ.

ನಮ್ಮ ರೇಷ್ಮೆ ಕಾರ್ಖಾನೆಗೆ ಹೊಸ ಮಷಿನ್ ಬರುತ್ತಿದೆ. ತರಬೇತಿ ಆದವರಿಗಷ್ಟೇ ಇನ್ನು ಕೆಲಸ. ಶುಕ್ರವಾರ ತರಬೇತಿ ಶುರುವಾದಾಗ ಓದಿದ ಆರು ಗಂಡಸರನ್ನು ಬೆಂಚಿನ ಮೇಲೆ ಕೂರಿಸಿದರು. ಆರನೆಯವನು ನಾನು. ಅಕ್ಷರ ಬಾರದ ಹೆಂಗಸರನ್ನು ಕರೆಯಲೇ ಇಲ್ಲ.

"ಎಳೆ ಪದೇ ಪದೇ ಕಡಿದರೆ?" ಇವತ್ತು ತರಬೇತಿ ಸಾಹೇಬರು ಕೇಳಿದರು.

"ಗೂಡು ಸರಿಯಾಗಿ ಬೆಂದಿಲ್ಲ ಸಾರ್," ಅಂದೆ ನಾನು.

"ಶಭಾಶ್! ಓದಿದವರು ಅಂದ್ರೆ ಹೀಗಿರಬೇಕು."

ಆ ಮಾತು ತಡೆಯಲಾಗಲಿಲ್ಲ. ಅದನ್ನು ಕಲಿಸಿದ್ದು ನೂರ್ಜಹಾನ್ ಆಪಾ. ಗೋಡೆಯಾಚೆ ಬಿಸಿನೀರಿನಲ್ಲಿ ಕೈಯಿಟ್ಟು ನೂಲು ತೆಗೆಯುತ್ತಿದ್ದರು. ಎದ್ದು ಎಲ್ಲ ಹೇಳಿದೆ, ಹೆಂಗಸರಿಗೂ ಕಲಿಸಿ ಎಂದೆ.

ಮೇಲ್ವಿಚಾರಕ ಚನ್ನರಾಯಪ್ಪ ಕೆಂಡವಾದರು. "ಏನ್ಲಾ, ಸುಳ್ಳು ಹೇಳಿ ಸೇರ್ಕೊಂಡು ನಮಗೇ ಬುದ್ಧಿ ಹೇಳ್ತೀಯಾ?"

ಸಾಹೇಬರು ಮಾತ್ರ ಇಂಗ್ಲಿಷ್ ಚಾರ್ಟು ಸುತ್ತಿಟ್ಟು ಹೆಂಗಸರ ಬಳಿ ಹೋದರು. ಅವರು ಆಡುವ ತೆಲುಗಿನಲ್ಲೇ ಹೇಳಿಕೊಟ್ಟರು. ಹೆಂಗಸರ ಪೈಕಿ ದೊಡ್ಡಮುನಿಯಮ್ಮ ಪ್ರಶ್ನೆ ಕೇಳಿ ಕೇಳಿ ಸಾಹೇಬರನ್ನು ಸುಸ್ತು ಮಾಡಿದಳು. ಆದರೆ ನಾಳೆಯೂ ಕಲಿಸುತ್ತಾರೋ ಇಲ್ಲವೋ, ಯಾರೂ ಮಾತು ಕೊಟ್ಟಿಲ್ಲ.

ಸಂಜೆ ಗೇಟಿನ ಹತ್ತಿರ ಆಪಾ ಬೈದರು. "ಬಾಯಿ ಮುಚ್ಕೊಂಡಿದ್ರೆ ಮಷಿನ್ ನಿಂಗೇ ಸಿಗ್ತಿತ್ತು ಕಣೋ, ಹುಚ್ಚಾ."

ಮೂರು ದಿನ ಬಾಯಿ ಮುಚ್ಚಿಕೊಂಡೇ ಇದ್ದೆ. ಅವರನ್ನು ಬಿಟ್ಟು ಆ ಬೆಂಚಿನ ಮೇಲೆ ಕೂತು ಖುಷಿಪಟ್ಟಿದ್ದೆ ಕೂಡ. ಅದನ್ನು ಆಪಾಗೆ ಹೇಳಲು ಆಗಲಿಲ್ಲ.

ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಹೊಡೆದುಹಾಕಿದ್ದಾರೆ. ನಾಳೆ ಮೊದಲ ಬಸ್ಸಿಗೆ ಬೇರೆ ಕೆಲಸ ಹುಡುಕಿಕೊಂಡು ಮುಳಬಾಗಿಲಿಗೆ ಹೊರಡುತ್ತೇನೆ.