ಕಂಬಳಿ ಹೊದ್ದ ಹಲಗೆ

ಹರಿಹರ
ಬಸವ ಜಯಂತಿಯ ಮಾರನೆ ದಿನ, ೧೯೬೩

ಪುಣೆಯ ಹವಾಮಾನ ಕಚೇರಿಯಲ್ಲಿರುವ ಮೊಮ್ಮಗಳು ಸರ್ವಮಂಗಳೆಗೆ ಅಜ್ಜಿಯ ಆಶೀರ್ವಾದ.

ಆಲಿಕಲ್ಲು ಅಳೆಯಲು ನೀನು ಕಳಿಸಿದ, ಬೆಳ್ಳಿಯಂಥ ತೆಳು ತಗಡು ಹೊದಿಸಿದ ಹಲಗೆಯನ್ನು ಮಾಳಿಗೆಯ ಮೇಲಿಟ್ಟಿದ್ದೆ. ಯುಗಾದಿ ಕಳೆದು ಮೊದಲ ಆಲಿಕಲ್ಲು ಬಿದ್ದಾಗ ಓಡಿಹೋಗಿ ಅದಕ್ಕೆ ಕಂಬಳಿ ಹೊದಿಸಿದೆ. ಒಂದು ಗೀರೂ ಬೀಳದಂತೆ ಕಾಪಾಡಿದೆನೆಂದು ಬೀಗಿ ನಿನಗೆ ಬರೆದೆ. ನೀನೋ, "ಅಜ್ಜೀ, ಕಲ್ಲು ಬಿದ್ದ ಕುಳಿಯೇ ನನಗೆ ಬೇಕು, ಅದನ್ನು ಅಳೆದೇ ಕಲ್ಲಿನ ಗಾತ್ರ ತಿಳಿಯುವುದು. ಕುಳಿ ಬಿದ್ದ ಹಲಗೆ ಮಳೆಗಾಲದೊಳಗೆ ಕೈಸೇರದಿದ್ದರೆ ಸಾಹೇಬರು ಈ ಕೆಲಸ ಬೇರೆಯವರಿಗೆ ಕೊಡುತ್ತಾರೆ" ಎಂದು ಅತ್ತುಕೊಂಡು ಬರೆದೆ. ಏಟು ತಿನ್ನಲಿಕ್ಕೇ ಹಲಗೆ ಕಳಿಸಿದ್ದೀ ಎಂದು ಮೊದಲೇ ಹೇಳಬಾರದಿತ್ತೇ? ಓದಿದವರ ಬುದ್ಧಿ!

ಕಳೆದ ಸೋಮವಾರ ಮಧ್ಯಾಹ್ನ ಮತ್ತೆ ಬಿತ್ತು. ಹಲಗೆಯ ಪಕ್ಕದಲ್ಲೇ ನನ್ನ ಅಕ್ಕಿ ಸಂಡಿಗೆ ಒಣಗುತ್ತಿತ್ತು.

"ಅಮ್ಮಾರೇ, ಸಂಡಿಗೆ ಎಲ್ಲಾ ಹಾಳಾಗ್ತೈತ್ರಿ, ಕಂಬಳಿ ಹಾಕ್ರಿ!" ಎಂದು ಪಕ್ಕದ ಮನೆ ಓಬಕ್ಕ ಬಾಯಿ ಮಾಡಿದಳು.

"ಸುಮ್ನಿರೇ! ಗಾಳಿಗೆ ಕಂಬಳಿ ಹಾರಿ ಹಲಗೆ ಮ್ಯಾಲೆ ಬಿದ್ರೆ ನಮ್ಮ ಹುಡುಗಿ ಕೆಲಸ ಹೋಗ್ತೈತೆ. ಸಂಡಿಗೆ ಹಾಳಾದ್ರೆ ಆಗ್ಲಿ" ಎಂದೆ.

ಈಗ ತಗಡಿನ ತುಂಬ ಸಿಡುಬಿನ ಕಲೆಯ ಹಾಗೆ ಕುಳಿಗಳು, ಕಡಲೆಗಾತ್ರದಿಂದ ಅಡಕೆಗಾತ್ರದವರೆಗೆ. ನೋಡಿ ನನ್ನ ಕಣ್ಣು ತಂಪಾಯಿತು. ಹತ್ತಿ ವ್ಯಾಪಾರಕ್ಕೆ ಪುಣೆಗೆ ಹೊರಟಿರುವ ದಾವಣಗೆರೆಯ ತೋಟಪ್ಪನ ಕೈಲಿ ಹಲಗೆ ಕಳಿಸಿದ್ದೇನೆ. ಜೋಪಾನವಾಗಿ ಬಿಚ್ಚು.

ಹಲಗೆಯ ಜೊತೆಗಿಟ್ಟ ಡಬ್ಬಿಯಲ್ಲಿರುವುದು ಅದೇ ಸಂಡಿಗೆಯ ಚೂರು, ಮತ್ತೆ ಒಣಗಿಸಿದ್ದೇನೆ. ಅದನ್ನೂ ಅಳೆಯುತ್ತ ಕೂರಬೇಡ, ಕರಿದು ತಿನ್ನು. ಸಾಹೇಬರಿಗೂ ಎರಡು ಕೊಡು.

ಕಂಬಳಿ ಮಡಚಿಟ್ಟಿರುವ
ನಿನ್ನ ಅಜ್ಜಿ ಮರುಳಸಿದ್ದಮ್ಮ