ಎಂಜಿನ್ ಇಳಿಸುವ ಮೊದಲು, ಗುರುಸಿದ್ದಪ್ಪಜ್ಜನಿಗೆ

ಗದಗ
ಫೆಬ್ರವರಿ 30, 2131

ಪೂಜ್ಯ ಗುರುಸಿದ್ದಪ್ಪಜ್ಜನವರಿಗೆ, ನಿಮ್ಮ ಮೊಮ್ಮಗನ ಮೊಮ್ಮಗಳು ಮಹಾನಂದಾ ಮಾಡುವ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ಜುಲೈ, ಆಗಸ್ಟ್‌ಗಳಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟು ಬಹಳ ವರ್ಷಗಳಾದವು. ತಿಳಿಯದ ಶಬ್ದಗಳು ಬಂದರೆ ಕ್ಷಮಿಸಿ. ಹಿಂದಿನ ಕಾಲದವರಿಗೆ ಕಾಗದ ಒಯ್ಯುವ ಮರಳಂಚೆಯವರು ಒಂದೇ ಹಾಳೆ ಕೊಡುತ್ತಾರೆ. ಅದಕ್ಕೇ ಕುಶಲ ಕೇಳುವುದನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ. ನಿಮ್ಮ ಕಾರಿನ ಎಂಜಿನ್ ಕೆಟ್ಟಿದೆ. ಅದನ್ನು ಮೆಕ್ಯಾನಿಕ್‌ಗೆ ಬಿಡುವುದೋ ನೀವೇ ಬದಲಿಸುವುದೋ ಎಂದು ಈ ವಾರ ಯೋಚಿಸುತ್ತಿದ್ದೀರಿ. ಆ ಕಾರು ಈಗ ನನ್ನದು.

ನಾನು ದನದ ಡಾಕ್ಟರು. ನಮ್ಮಲ್ಲಿ ಎಲ್ಲರೂ ಓಡಾಡುವುದು ಸುಮ್ಮಗಾಡಿಯಲ್ಲಿ. ಸದ್ದು ಮಾಡುವುದಿಲ್ಲ, ಯಾರ ಮಾತನ್ನೂ ಕೇಳುವುದಿಲ್ಲ, ಅದಕ್ಕೆ ಆ ಹೆಸರು. ರಸ್ತೆಯ ಮೇಲೆ ಎಳೆದ ಬಿಳಿ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿ ಅದೂ ನಿಲ್ಲುತ್ತದೆ. ದನಗಳು ಇರುವುದು ಗೆರೆಯ ಆಚೆ, ಎರೆ ಹೊಲಗಳಲ್ಲಿ. ಕಬ್ಬಿನ ಸ್ಪಿರಿಟ್ ಕುಡಿದು ಕೆಮ್ಮುತ್ತ ಓಡುವ ನಿಮ್ಮ ಹಳೆಯ ಕಾರು ಮಾತ್ರ ಅಲ್ಲಿಗೆ ಇಳಿಯುತ್ತದೆ.

ಹೋದ ವರ್ಷ ನನ್ನ ಗಂಡ ಚನ್ನವೀರ ರೇಡಿಯೇಟರಿಗೆ ನೀರು ಹಾಕದೆ ಹುಲಕೋಟಿಯವರೆಗೆ ಓಡಿಸಿ ಎಂಜಿನ್ ಸೀಜ್ ಮಾಡಿಟ್ಟರು. ಅವರು ಶಾಲೆಯಲ್ಲಿ ಲೆಕ್ಕ ಕಲಿಸುವ ಮಾಸ್ತರು. ಹೊಲದ ಬಾವಿಯೊಂದರ ಮೇಲೆ ನೀರೆತ್ತುತ್ತಿದ್ದ ಇಂಥದೇ ಎಂಜಿನ್ ಸಿಕ್ಕಿತು. ಅದನ್ನು ಕಾರಿಗೆ ಕೂಡಿಸಬಲ್ಲವರು ಈ ಸೀಮೆಯಲ್ಲಿ ಒಬ್ಬರೇ, ರಾಣೆಬೆನ್ನೂರಿನ ಖೈರುನ್ನಿಸಾ ಅಮ್ಮ. ವಯಸ್ಸು ಎಂಬತ್ತೊಂದು. ಮೂರು ತಿಂಗಳು ಕಾಯಬೇಕು ಎಂದರು.

"ಮೂರು ತಿಂಗಳು ಯಾಕ? ಹನ್ನೊಂದು ದಿನದಾಗ ನಾನ ಕೂಡಸ್ತೀನಿ," ಎಂದರು ನನ್ನ ಗಂಡ.

"ನೀವು ಮಿಕ್ಸರ್ ಬಿಚ್ಚಿದ್ದು ಇನ್ನೂ ಡಬ್ಬಿಯೊಳಗ ಐತ್ರಿ," ಎಂದೆ.

ಖೈರುನ್ನಿಸಾ ಅಮ್ಮ ಫೋನಿನಲ್ಲಿ ಅವರನ್ನು ಕೇಳಿದ್ದು ಮೂರೇ ಮಾತು. "ಎಂಜಿನ್ ಎತ್ತಾಕ ಚೈನ್ ಪುಲ್ಲಿ ಐತೇನು, ಮಾಸ್ತರ? ಬಿಚ್ಚಿದ್ದೆಲ್ಲ ಬರ್ದಿಟ್ಕೊಳ್ಳೋ ತಾಳ್ಮೆ ಐತೇನು? ಕೆಲಸ ಅರ್ಧಕ್ಕ ನಿಂತ್ರ ಗಾಡಿ ಇಲ್ದ ನಡೀತೈತೇನು?"

ಮೂರಕ್ಕೂ ಇವರು "ಹೂಂ" ಎಂದರು. ಮೂರನೆಯದಕ್ಕೆ ಹೂಂ ಎನ್ನಬೇಕಾದವಳು ನಾನು, ಅಲ್ಲೇ ಪಕ್ಕದಲ್ಲಿ ನಿಂತಿದ್ದೆ.

ಬಾನೆಟ್ ತೆಗೆದ ಮೇಲೆ ಸಿಕ್ಕಿದ್ದು ನಿಮ್ಮ ಕೈಕೆಲಸ, ಅಜ್ಜ. ಎಲ್ಲ ವೈರುಗಳೂ ಕೆಂಪು. ನಾಲ್ಕು ಬೋಲ್ಟು ಇರಬೇಕಾದಲ್ಲಿ ಮೂರು. ಎಂಜಿನ್ ಕೂತಿದ್ದುದು ಮಂಚದ ಪಟ್ಟಿ ಕೊಯ್ದು ಬೆಸೆದ ಕಬ್ಬಿಣದ ಮೇಲೆ. ಪಕ್ಕದ ತಗಡಿನಲ್ಲಿ ಮಾತ್ರ ಬಿಳಿ ಬಣ್ಣದಲ್ಲಿ, ಬಳ್ಳಿ ಸುತ್ತಿದ ಅಕ್ಷರಗಳಲ್ಲಿ, 'ಜಿ. ಆರ್. ಗುರುಸಿದ್ದಪ್ಪ, ಡ್ರಾಯಿಂಗ್ ಮಾಸ್ತರ, 2026' ಎಂದಿತ್ತು. ಹೆಸರಿಗೆ ಬಳ್ಳಿ ಬಿಡಿಸುವಷ್ಟು ಪುರುಸೊತ್ತು ಇದ್ದವರಿಗೆ ಯಾವ ವೈರು ಎಲ್ಲಿಗೆ ಹೋಗುತ್ತದೆಂದು ಒಂದು ಸಾಲು ಬರೆಯಲು ಏನಾಗಿತ್ತು?

ಹನ್ನೊಂದು ದಿನ ಕಳೆದವು, ಐವತ್ತಾದವು. ಅಡುಗೆಮನೆಯ ಪರಾತದಲ್ಲಿ ಬೋಲ್ಟುಗಳು ಸೀಮೆಎಣ್ಣೆಯಲ್ಲಿ ನೆನೆಯುತ್ತಿದ್ದವು. ಏನು ಕೇಳಿದರೂ "ಮುಗೀತು, ಇನ್ನೊಂದ ವೈರ್" ಎಂಬ ಉತ್ತರ.

ಅರವತ್ತೆರಡನೆಯ ದಿನ, ಗೆರೆಯಾಚೆ ದನ ಸಾಕಿರುವ ಲಚ್ಚವ್ವನ ಹೊಲದಿಂದ ಕರೆ ಬಂತು. ಆಕಳು ಈಯಲು ತಿಣುಕುತ್ತಿತ್ತು, ಕರು ಅಡ್ಡ ತಿರುಗಿತ್ತು. ಸುಮ್ಮಗಾಡಿ ಗೆರೆ ಮುಗಿದಲ್ಲಿ ನನ್ನನ್ನು ಇಳಿಸಿತು. ಚೀಲ ಹೊತ್ತು ಬಿಸಿಲಲ್ಲಿ ಒಂಬತ್ತು ಕಿಲೋಮೀಟರ್ ನಡೆದೆ. ನಾನು ಮುಟ್ಟುವಷ್ಟರಲ್ಲಿ ಆಕಳು ಪ್ರಾಣ ಬಿಡುವುದರಲ್ಲಿತ್ತು. ಕರುವನ್ನು ಮಾತ್ರ ಎಳೆದು ಉಳಿಸಿದೆ. ಲಚ್ಚವ್ವ ನನ್ನನ್ನು ಬಯ್ಯಲಿಲ್ಲ. "ನಡಕೋತ ಬಂದೀರಿ, ಮೊದಲ ನೀರ ಕುಡೀರಿ, ಡಾಕ್ಟರ್ ಬಾಯಾರ," ಎಂದು ಚೆಂಬು ಹಿಡಿದಳು.

ಮನೆಗೆ ಬಂದು ಗಂಡನಿಗೆ ಆದದ್ದನ್ನಷ್ಟೇ ಹೇಳಿದೆ. ಅವರು ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಕೈ ಒರೆಸಿಕೊಂಡರು. ಆಮೇಲೆ ತಾವೇ ರಾಣೆಬೆನ್ನೂರಿಗೆ ಫೋನು ಮಾಡಿ, "ನನ್ನ ಕೈಲಿ ಆಗವಲ್ದು, ಅಮ್ಮ," ಎಂದರು.

ಸರದಿಯಲ್ಲಿದ್ದ ಕೆಲಸ ಬಿಟ್ಟು ಖೈರುನ್ನಿಸಾ ಅಮ್ಮ ಮರುದಿನವೇ ಬಂದರು. ಸ್ಟೂಲಿನ ಮೇಲೆ ಕೂತು, ಕೈಗೆ ಎಣ್ಣೆ ಹತ್ತಿಸಿಕೊಳ್ಳದೆ, ನನ್ನ ಗಂಡನ ಕೈಯಿಂದಲೇ ಆರು ದಿನದಲ್ಲಿ ಎಲ್ಲ ಕೂಡಿಸಿದರು. ನಿಮ್ಮ ಮಂಚದ ಪಟ್ಟಿಯನ್ನು ಬೆರಳಿಂದ ತಟ್ಟಿ, "ಬೆಸುಗಿ ಛಲೋ ಐತಿ, ಇರಲಿ ಬಿಡ್ರಿ," ಎಂದರು. ಎಂಜಿನ್ ಮೊದಲ ಸಲಕ್ಕೇ ಹತ್ತಿತು. ರಿವರ್ಸ್ ಗೇರು ಇವತ್ತಿಗೂ ಬೀಳುವುದಿಲ್ಲ. "ಮುಂದ ಹೋಗ್ತದಲ್ಲ," ಎನ್ನುತ್ತಾರೆ ನನ್ನ ಗಂಡ. ಹೊಲದಲ್ಲಿ ದೊಡ್ಡ ಸುತ್ತು ಹೊಡೆದು ತಿರುಗಿಸುತ್ತೇನೆ.

ನೀವೇ ಬದಲಿಸುವುದು ಬೇಡ ಎಂದು ಹೇಳಬೇಕೆಂದೇ ಈ ಕಾಗದ ಬರೆಯಲು ಕೂತೆ. ಆದರೆ ಮೆಕ್ಯಾನಿಕ್ ಆ ಕಾರನ್ನು ಗುಜರಿಗೆ ಹಾಕಿ ಎಂದಿದ್ದರಂತೆ, ನಮ್ಮ ಮನೆಯಲ್ಲಿ ಹಾಗೆ ಹೇಳುತ್ತಾರೆ. ನೀವು ಅವರ ಮಾತು ಕೇಳಿದ್ದರೆ ಲಚ್ಚವ್ವನ ಹೊಲಕ್ಕೆ ನಾನು ಇವತ್ತಿಗೂ ನಡೆದೇ ಹೋಗಬೇಕಿತ್ತು. ಹಾಗಾಗಿ ಬದಲಿಸಿ, ನಿಮ್ಮ ಕೈಯಿಂದಲೇ ಬದಲಿಸಿ. ಮೊದಲ ಬೋಲ್ಟು ಬಿಚ್ಚುವ ಮುಂಚೆ ಮಾತ್ರ ಒಳಗೆ ಹೋಗಿ ಅಜ್ಜಿಯನ್ನು ಒಂದು ಮಾತು ಕೇಳಿ: ಈ ತಿಂಗಳು ನಿನಗೆ ಎಲ್ಲಿಗೆ ಹೋಗಬೇಕಾಗಿದೆ?

ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.

ನಿಮ್ಮ ಮೇಲೆ ಇನ್ನೂ ಸಿಟ್ಟಿರುವ,
ಮಹಾನಂದಾ